ಎಪ್ಪತ್ತೊಂದನೇ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿ ಇತ್ತು. ಕೋವಿಡ್ ಗಲಾಟೆ ಅಡಗಿ, ನಿಂತುಹೋಗಿದ್ದ ನೇಮಕಾತಿ ಪರೀಕ್ಷೆಗಳು ಒಂದರ ಹಿಂದೊಂದು ಶುರುವಾದ ಮಳೆಗಾಲ ಅದು. ಮುಂಡರಗಿ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನೀಷಿಯನ್. ರಕ್ತ, ಮೂತ್ರ, ಕಫ ಪರೀಕ್ಷಿಸಿ ರಿಪೋರ್ಟ್ ಬರೆದುಕೊಡುವುದು ನನ್ನ ಕೆಲಸ. ಮನೆ ಬೆಟಗೇರಿಯಲ್ಲಿ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು ಸಂಜೆ ಮರಳುವುದು ಹತ್ತೊಂಬತ್ತು ವರ್ಷಗಳ ರೂಢಿ. ರೋಗಿಗಳಿಗೆ ನಾನು ‘ರಕ್ತ ತಗಿಯೋ ಅಕ್ಕಾರು’. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನೂ ಅಕ್ಕಾರು ಎಂದೇ ಕರೆಯುವುದರಿಂದ, ಆ ಹೆಸರು ನನಗೆ ಎರಡು ರೀತಿಯಲ್ಲೂ ಅಂಟಿಕೊಂಡಿತ್ತು.

ಏಕೆಂದರೆ ಭಾನುವಾರ ನಾನು ಪಾಠವನ್ನೂ ಮಾಡುತ್ತಿದ್ದೆ. ಆಸ್ಪತ್ರೆ ಇದ್ದ ಊರಿನ ವಾಚನಾಲಯದ ಮಾಳಿಗೆಯ ಮೇಲೆ ಕಾನ್‌ಸ್ಟೇಬಲ್, ಎಫ್‌ಡಿಎ, ಪಿಡಿಒ ಹೀಗೆ ನಾನಾ ಪರೀಕ್ಷೆಗಳಿಗೆ ಓದುವ ಮಕ್ಕಳು ಸೇರುತ್ತಿದ್ದರು. ಡಂಬಳ, ಶಿರಹಟ್ಟಿ, ಲಕ್ಷ್ಮೇಶ್ವರದಿಂದಲೂ ಬರುವವರಿದ್ದರು. ಇತಿಹಾಸ, ಸಂವಿಧಾನ ಹೇಳಿಕೊಡಲು ಮೇಷ್ಟ್ರುಗಳು ಸಿಕ್ಕಿದ್ದರು. ‘ಮಾನವ ಶರೀರ ಮತ್ತು ಆರೋಗ್ಯ’ ಎಂಬ ಭಾಗಕ್ಕೆ ಯಾರೂ ಸಿಗದೆ ನನ್ನ ಬೆನ್ನು ಹತ್ತಿದರು. ಪುಕ್ಕಟೆ ಕ್ಲಾಸು. ಆದರೂ ನಾನು ಹೋಗುತ್ತಿದ್ದುದು ಉಪಕಾರ ಮಾಡಲೆಂದಲ್ಲ, ಸುಳ್ಳೇಕೆ ಹೇಳಲಿ. ಆಸ್ಪತ್ರೆಯಲ್ಲಿ ಇಡೀ ದಿನ ನನ್ನ ಮಾತು ಕೇಳುವವರು ಮೈಕ್ರೋಸ್ಕೋಪು ಮತ್ತು ಸೂಜಿ ಕಂಡು ಅಳುವ ಮಕ್ಕಳು. ಇಲ್ಲಿ ನಲವತ್ತು ಜನ ಪೆನ್ನು ಹಿಡಿದು ನನ್ನ ಬಾಯಿ ನೋಡುತ್ತಿದ್ದರು. ಅದು ನನಗೆ ಹಿಡಿಸಿತ್ತು.

ಈ ಪರೀಕ್ಷೆಗಳ ಪಾಠ ಕಾಲೇಜಿನ ಪಾಠದಂತಲ್ಲ. ವಯಸ್ಕರ ದೇಹದಲ್ಲಿ ಮೂಳೆ ಎಷ್ಟು? ಇನ್ನೂರಾರು. ಕೆಂಪು ರಕ್ತಕಣದ ಆಯುಷ್ಯ? ನೂರಿಪ್ಪತ್ತು ದಿನ. ದೊಡ್ಡ ಗ್ರಂಥಿ? ಯಕೃತ್ತು. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್? ಕೆ. ಮಕ್ಕಳಿಗೆ ಬೇಕಾದದ್ದು ಇಷ್ಟೇ. ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗದ ಪರೀಕ್ಷೆಯಲ್ಲಿ ‘ಯಾಕೆ’ ಎಂದು ಕೇಳುತ್ತ ಕುಳಿತವನು ಹಿಂದೆ ಬೀಳುತ್ತಾನೆ. ಎಲ್ಲರ ಕೈಯಲ್ಲೂ ಇಟ್ಟಿಗೆ ಗಾತ್ರದ ಒಂದು ಗೈಡು. ಅದರ ಕೊನೆಯಲ್ಲಿ ‘ಕೀ’, ಅಂದರೆ ಸರಿಯುತ್ತರಗಳ ಪಟ್ಟಿ. ಆ ಗೈಡಿನ ಕೀ ಎಷ್ಟೋ ಕಡೆ ಹಳತಾಗಿತ್ತು, ಕೆಲವು ಕಡೆ ಶುದ್ಧ ತಪ್ಪೇ ಇತ್ತು. ಮೊದಮೊದಲು ನಾನು ತಿದ್ದುತ್ತಿದ್ದೆ. ಮಕ್ಕಳು ಗೊಂದಲಕ್ಕೆ ಬೀಳುತ್ತಿದ್ದರು. “ಅಕ್ಕಾರ, ಖರೆ ಉತ್ತರ ಬ್ಯಾಡ್ರಿ, ಮಾರ್ಕ್ಸ್ ಬರೋ ಉತ್ತರ ಹೇಳ್ರಿ” ಎಂದು ಒಬ್ಬ ನೇರವಾಗಿಯೇ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ತಿದ್ದುವುದನ್ನು ಬಿಟ್ಟುಬಿಟ್ಟೆ. ಗೈಡಿನಲ್ಲಿ ಏನಿದೆಯೋ ಅದನ್ನೇ ಹೇಳತೊಡಗಿದೆ.

ಆ ಆಗಸ್ಟಿನ ಒಂದು ಭಾನುವಾರ ನೂರು ಪ್ರಶ್ನೆಗಳ ಮಾದರಿ ಪರೀಕ್ಷೆ ಮುಗಿಸಿ ಉತ್ತರ ಓದುತ್ತಿದ್ದೆ. ಎಪ್ಪತ್ತೊಂದನೇ ಪ್ರಶ್ನೆ: ‘ಹಾವು ಕಚ್ಚಿದಾಗ ಮಾಡಬೇಕಾದ ಪ್ರಥಮ ಚಿಕಿತ್ಸೆ ಯಾವುದು?’ ಗೈಡಿನ ಕೀ ‘ಎ’ ಎನ್ನುತ್ತಿತ್ತು: ಕಚ್ಚಿದ ಭಾಗದ ಮೇಲ್ಗಡೆ ಬಿಗಿಯಾಗಿ ಕಟ್ಟುವುದು. ಈ ಉತ್ತರ ಎಂದೋ ಕಾಲಬಾಹಿರವಾಗಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯ ಟ್ರೈನಿಂಗಿನಲ್ಲಿ ಒಂದಲ್ಲ, ಎರಡು ಸಲ ಕೇಳಿದ್ದೆ. ಆದರೂ ‘ಎ’ ಎಂದೆ.

ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಸಿಂಗಟಾಲೂರಿನ ರೇಣುಕಾ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಕಾನ್‌ಸ್ಟೇಬಲ್ ಪರೀಕ್ಷೆಗೆ ಎರಡನೇ ಸಲ ಕೂರುವವಳು. ಓಟದಲ್ಲಿ ಹುಡುಗರನ್ನೂ ಹಿಂದೆ ಹಾಕುತ್ತಿದ್ದಳು. ಬರಹದ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಫೇಲಾಗಿದ್ದಳು. ಅಪ್ಪ ಫಕೀರಪ್ಪ ಊರಲ್ಲಿ ಬಟ್ಟೆ ಹೊಲಿಯುವವರು.

“ಅಕ್ಕಾರ, ಬಿಗಿಯಾಗಿ ಅಂದ್ರ ಎಷ್ಟು ಬಿಗಿರಿ?”

ಇನ್ನೂ ಇಪ್ಪತ್ತೊಂಬತ್ತು ಪ್ರಶ್ನೆ ಉಳಿದಿದ್ದವು, ಬಸ್ಸಿನ ಹೊತ್ತಾಗಿತ್ತು. “ರಕ್ತ ಓಡಾಡೂದು ನಿಲ್ಲೂವಷ್ಟವಾ. ನೀ ಏನು ಹಾವು ಹಿಡ್ಯಾಕ ಹೊಂಟೀಯೇನು? ‘ಎ’ ಹಚ್ಚು, ಮುಂದ ನಡಿ” ಎಂದೆ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ರೇಣುಕಾ ಮುಖ ಕೆಂಪು ಮಾಡಿಕೊಂಡು ಬರೆದುಕೊಂಡಳು.

ಒಂಬತ್ತು ದಿನ ಕಳೆದು, ಮಂಗಳವಾರ. ಬೆಳಗ್ಗೆ ಎಂಟು ಗಂಟೆ ದಾಟಿತ್ತು. ಲ್ಯಾಬಿನ ಬೀಗ ತೆಗೆಯುತ್ತಿದ್ದೆ. ಗೇಟಿನಲ್ಲಿ ಒಂದು ಟಂಟಂ ರಿಕ್ಷಾ ಬಂದು ನಿಂತಿತು. ರೇಣುಕಾ ಅಪ್ಪನ ತೋಳನ್ನು ಹೆಗಲಿಗೆ ಹಾಕಿಕೊಂಡು ಇಳಿಸುತ್ತಿದ್ದಳು. ನನ್ನನ್ನು ಕಂಡದ್ದೇ ಅವಳ ಮುಖದಲ್ಲಿ ಜೀವ ಬಂತು.

“ಅಕ್ಕಾರ, ನಮ್ಮಪ್ಪಗ ಕೊಳಕಮಂಡಲ ಕಡದೈತ್ರಿ. ನೀವು ಹೇಳಿದಂಗ ಕಟ್ಟೇನ್ರಿ. ಒಂದು ಹನಿ ವಿಷಾನೂ ಮ್ಯಾಲ ಏರಿಲ್ರಿ.”

ನಾನು ಬಗ್ಗಿ ಫಕೀರಪ್ಪನ ಬಲಗಾಲು ನೋಡಿದೆ. ಪಾದ ಊದಿ ಕಪ್ಪುನೀಲಿಯಾಗಿತ್ತು. ಮೊಣಕಾಲಿನ ಕೆಳಗೆ ಪೈಜಾಮಕ್ಕೆ ಹಾಕುವ ಲಾಡಿಯನ್ನು ಎರಡು ಸುತ್ತು ಸುತ್ತಿ, ನಡುವೆ ಒಂದು ಕಡ್ಡಿ ತೂರಿಸಿ ತಿರುವಿ ಬಿಗಿದಿದ್ದಳು. ಲಾಡಿ ಮಾಂಸದೊಳಗೆ ಹೂತು ಕಾಣದಂತಾಗಿತ್ತು. ಎಮ್ಮೆಗೆ ಮೇವು ಹಾಕಲು ಜೋಳದ ಕಣಿಕಿ ಎಳೆಯುವಾಗ ಕಚ್ಚಿತಂತೆ. ಆಗ ಆರು ಗಂಟೆ. ಕಚ್ಚಿದ ಐದು ನಿಮಿಷದಲ್ಲಿ ಅವಳು ಕಟ್ಟಿದ್ದಳು. ಮತ್ತೆ ಎರಡು ತಾಸು ತಡ ಯಾಕಾಯಿತು ಎಂದು ಕೇಳಿದೆ.

“ಕಟ್ಟಿದ್ನೆಲ್ರಿ, ಇನ್ನೇನು ಗಾಬರಿ ಇಲ್ಲಂತ ಬಸ್ಸಿಗೆ ನಿಂತ್ವಿ. ಬಸ್ಸು ಬರಲಿಲ್ರಿ. ಆಮ್ಯಾಲ ಈ ಗಾಡಿ ಸಿಕ್ತು.”

ನೂರೆಂಟರ ಆಂಬುಲೆನ್ಸಿಗೆ ಫೋನ್ ಮಾಡುವುದು ಅವಳ ತಲೆಗೇ ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ಪ್ರಶ್ನೆಗೆ ಒಂದೇ ಸರಿಯುತ್ತರ ಇರುತ್ತದೆ, ಆ ಉತ್ತರವನ್ನು ಅವಳು ಬರೆದಾಗಿತ್ತು.

ಡ್ಯೂಟಿಯಲ್ಲಿದ್ದವರು ಲಕ್ಷ್ಮೇಶ್ವರ ಕಡೆಯ ಯುವ ಡಾಕ್ಟರು, ಚುರುಕು ಮನುಷ್ಯ. ಕಾಲು ನೋಡಿ, ಪಾದದ ನಾಡಿ ಮುಟ್ಟಿದರು. ನಾಡಿ ಸಿಗಲಿಲ್ಲ. ಕೈಗೆ ಸಲೈನ್ ಹಾಕಲು ಸಿಸ್ಟರ್‌ಗೆ ಹೇಳಿ ಕೇಳಿದರು: “ಇದನ್ನ ಕಟ್ಟಿದವರು ಯಾರು?”

“ನಾನ್ರೀ.”

“ಓದಿದಾಕಿ ಕಾಣಿಸ್ತಿ. ಹಿಂಗ ಕಟ್ಟಂತ ಯಾರು ಹೇಳಿದ್ರು ನಿನಗ?”

ರೇಣುಕಾ ನನ್ನತ್ತ ನೋಡಿದಳು. ನಾನು ರಕ್ತ ತೆಗೆಯಲು ಟ್ರೇ ಹಿಡಿದು ಅಲ್ಲೇ ಎರಡು ಹೆಜ್ಜೆ ದೂರದಲ್ಲಿದ್ದೆ. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಕಣ್ಣೆದುರೇ ಇದ್ದ ಟೆಸ್ಟ್‌ಟ್ಯೂಬನ್ನು ಹುಡುಕುವವಳಂತೆ ಟ್ರೇಯಲ್ಲಿ ಕೈಯಾಡಿಸಿದೆ. ಅವಳಿಗೆ ಅರ್ಥವಾಯಿತು.

“ಯಾರೂ ಹೇಳಿಲ್ರಿ ಸರ್. ನನಗ ತಿಳೀಲಿಲ್ಲ. ನಂದ ತಪ್ಪಾತ್ರಿ” ಎಂದಳು.

ಮೂವತ್ತು ವರ್ಷಗಳ ಸೇವೆಯಲ್ಲಿ ನನಗೆ ಅಷ್ಟು ನಾಚಿಕೆಯಾದ ಕ್ಷಣ ಇನ್ನೊಂದಿಲ್ಲ.

ಕೊಳಕುಮಂಡಲದ ವಿಷ ರಕ್ತದ ಮೇಲೆ ಕೆಲಸ ಮಾಡುತ್ತದೆ. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಎರಡು ಮಿಲಿ ರಕ್ತವನ್ನು ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬಿಗೆ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಡಬೇಕು. ಆಮೇಲೆ ಟ್ಯೂಬನ್ನು ಓರೆ ಮಾಡಬೇಕು. ರಕ್ತ ಗಟ್ಟಿಯಾಗಿ ಕುಳಿತಿದ್ದರೆ ಒಳ್ಳೆಯದು. ನೀರಿನಂತೆ ಹರಿದರೆ ವಿಷ ಮೈಗೆ ಏರಿದೆ ಎಂದರ್ಥ, ಕೂಡಲೇ ಆ್ಯಂಟಿ ಸ್ನೇಕ್ ವೆನಮ್ ಎಂಬ ಪ್ರತಿವಿಷ ಕೊಡಬೇಕು. ಕಟ್ಟನ್ನು ತಕ್ಷಣ ಬಿಚ್ಚುವ ಹಾಗೂ ಇರಲಿಲ್ಲ. ತಡೆದು ನಿಂತ ವಿಷ ಒಮ್ಮೆಲೇ ಮೇಲೇರಿದರೆ ಬಿ.ಪಿ. ಕುಸಿಯಬಹುದು ಎಂದು ಡಾಕ್ಟರು ಔಷಧಿಗಳನ್ನೆಲ್ಲ ಪಕ್ಕದಲ್ಲಿ ಸಿದ್ಧವಿಟ್ಟುಕೊಂಡು ಕಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸತೊಡಗಿದರು.

ನಾನು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ಗಡಿಯಾರ ನೋಡಿದೆ. ಎಂಟು ಇಪ್ಪತ್ತೆರಡು. ರೇಣುಕಾ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು.

“ಪ್ರೋಥ್ರಾಂಬಿನ್ ಹೋಗಿ ಥ್ರಾಂಬಿನ್ ಆಗಬೇಕು, ಫೈಬ್ರಿನೋಜನ್ ಹೋಗಿ ಫೈಬ್ರಿನ್ ಆಗಬೇಕು. ಹೌದಲ್ರಿ ಅಕ್ಕಾರ? ಆಗ ಗಟ್ಟಿ ಆಗತೈತಿ” ಎಂದಳು. ಅಳು ತಡೆಯಲು ಪಾಠ ಒಪ್ಪಿಸುತ್ತಿದ್ದಳು, ಪಾಪ.

“ಹೌದವಾ.”

“ನಾ ಏನು ತಪ್ಪು ಮಾಡೀನ್ರಿ? ಬಿಗಿ ಕಡಿಮಿ ಆತೇನ್ರಿ?”

ಇನ್ನು ಸುಮ್ಮನಿರಲಾಗಲಿಲ್ಲ. ಕೂರಿಸಿ ಹೇಳಿದೆ. ಬಿಗಿದು ಕಟ್ಟಿದರೆ ಕಾಲಿಗೆ ರಕ್ತ ಹೋಗುವುದಿಲ್ಲ, ರಕ್ತ ಸಿಗದ ಮಾಂಸ ಸಾಯುತ್ತದೆ. ಕೊಳಕುಮಂಡಲದ ವಿಷ ಮೊದಲೇ ಮಾಂಸ ಕೊಳೆಸುವಂಥದ್ದು. ಅದನ್ನು ಒಂದೇ ಕಡೆ ಕೂಡಿಹಾಕಿದರೆ ಹಾನಿ ಇನ್ನೂ ಹೆಚ್ಚು. ಇಷ್ಟೆಲ್ಲ ಮಾಡಿದರೂ ವಿಷ ನಿಲ್ಲುತ್ತದೆ ಎಂಬ ಭರವಸೆಯಿಲ್ಲ. ಕಟ್ಟಿದ್ದೇವಲ್ಲ ಎಂಬ ಧೈರ್ಯದಲ್ಲಿ ಹೊತ್ತು ಕಳೆಯುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಅವಳು ಪೂರ್ತಿ ಕೇಳಿದಳು. “ಹಂಗಾದ್ರ ಗೈಡಿನ್ಯಾಗ ಯಾಕ ಐತ್ರಿ?”

“ಹಳೇ ಉತ್ತರ ಅದು. ಯಾರೂ ತಿದ್ದಿಲ್ಲ.”

“ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು” ಎಂದೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಎದ್ದು ಅಪ್ಪನ ಹತ್ತಿರ ಹೋದಳು. ಉಳಿದ ಹನ್ನೊಂದು ನಿಮಿಷ ನಾನು ಒಬ್ಬಳೇ ಆ ಟ್ಯೂಬಿನ ಮುಂದೆ ಕುಳಿತಿದ್ದೆ. ದೇವರೇ, ಗಟ್ಟಿಯಾಗು ಎಂದು ಎರಡು ಮಿಲಿ ರಕ್ತವನ್ನು ಬೇಡಿಕೊಂಡೆ. ಎಂಟು ನಲವತ್ತೆರಡಕ್ಕೆ ಟ್ಯೂಬನ್ನು ಓರೆ ಮಾಡಿದೆ. ರಕ್ತ ಸರ್ರನೆ ಹರಿದು ಗಾಜಿನ ಅಂಚಿಗೆ ಬಂತು.

ಓಡಿಹೋಗಿ ಡಾಕ್ಟರಿಗೆ ತೋರಿಸಿದೆ. “ಸರ್, ಹೆಪ್ಪುಗಟ್ಟಿಲ್ರಿ. ಇನ್ನೊಂದು ಮಾತು, ಕಟ್ಟಾಕ ಹೇಳಿದಾಕಿ ನಾನ್ರಿ” ಎಂದೆ. ಅವರು ಪ್ರತಿವಿಷದ ಪುಡಿ ಕರಗಿಸುತ್ತಿದ್ದರು. “ಅದನ್ನ ಆಮ್ಯಾಲ ಮಾತಾಡೂಣ್ರಿ ಮೇಡಂ, ಸಲೈನ್ ಹಿಡೀರಿ” ಎಂದರು. ರೇಣುಕಾ ಆಗ ಔಷಧಿ ಚೀಟಿ ಹಿಡಿದು ಹೊರಗೆ ಹೋಗಿದ್ದಳು. ಯಾರ ಮುಂದೆ ಹೇಳಬೇಕಿತ್ತೋ ಅವಳೇ ಇಲ್ಲದಾಗ ಹೇಳಿದ್ದೆ. ಅದೇನು ದೊಡ್ಡ ಧೈರ್ಯವಲ್ಲ.

ಹತ್ತು ವಯಲ್, ಅಂದರೆ ಹತ್ತು ಚಿಕ್ಕ ಶೀಷೆ ಪ್ರತಿವಿಷ ಮೈಗೆ ಹೋಯಿತು. ಲಾಡಿ ಪೂರ್ತಿ ಬಿಚ್ಚಿದಾಗ ಕಾಲಿನ ಸುತ್ತ ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಫಕೀರಪ್ಪನನ್ನು ಆಂಬುಲೆನ್ಸಿನಲ್ಲಿ ಗದಗಿಗೆ ಕಳಿಸಿದರು. ಜೀವಕ್ಕೆ ಬಹುಶಃ ತೊಂದರೆಯಿಲ್ಲ, ಕಾಲಿನ ಮಾತು ಈಗಲೇ ಹೇಳಲಾಗದು ಎಂದರು ಡಾಕ್ಟರು. ಫಕೀರಪ್ಪನ ಹೊಲಿಗೆ ಮಷಿನ್ ಕಾಲಿನಿಂದ ತುಳಿಯುವಂಥದ್ದು. ಆ ಮಷಿನ್ನಿನಿಂದಲೇ ರೇಣುಕಾಳ ಫೀಸು, ಪುಸ್ತಕ, ಓಟದ ಬೂಟು ಎಲ್ಲ ಬಂದದ್ದು.

ಬೆಟಗೇರಿಯಿಂದ ಗದಗ ಎಷ್ಟು ದೂರ? ನಡೆದೇ ಹೋಗಬಹುದು. ಆದರೂ ವಾರ್ಡಿಗೆ ಹೋಗಲು ನನಗೆ ಐದು ದಿನ ಬೇಕಾದವು. ದಿನಾ ಹೊರಡುವುದು, ದಿನಾ ಏನೋ ನೆಪ ಹುಡುಕುವುದು. ಆರನೆಯ ದಿನ ಹೋದೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳನ್ನು ತೆಗೆದಿದ್ದರು. ಪಾದದ ಮೇಲಿನ ಚರ್ಮ ಅಂಗೈಯಗಲ ಹೋಗಿತ್ತು. ಕಾಲು ಉಳಿದಿತ್ತು. ಬೆರಳು ಹೋದದ್ದು ಹಾವಿನಿಂದಲೋ ಕಟ್ಟಿನಿಂದಲೋ ಎಂದು ಅಲ್ಲಿನ ಸರ್ಜನ್ನರನ್ನು ಕೇಳಿದೆ. “ಅರ್ಧ ಹಾವಿಂದು, ಅರ್ಧ ಲಾಡೀದು” ಎಂದರು.

ರೇಣುಕಾ ಅಲ್ಲಿರಲಿಲ್ಲ, ಬಟ್ಟೆಬರೆ ತರಲು ಊರಿಗೆ ಹೋಗಿದ್ದಳು. ಫಕೀರಪ್ಪನ ಮಂಚದ ಪಕ್ಕ ಕುಳಿತು ನಾನು ನಡೆದದ್ದನ್ನೆಲ್ಲ ಹೇಳಿದೆ. ಎಪ್ಪತ್ತೊಂದನೇ ಪ್ರಶ್ನೆ, ನನ್ನ ಅವಸರ, ಕ್ಲಾಸು ನಕ್ಕದ್ದು, ಡಾಕ್ಟರ ಮುಂದೆ ನಾನು ಬಾಯಿ ಮುಚ್ಚಿಕೊಂಡದ್ದು. ಏನನ್ನೂ ಬಿಡಲಿಲ್ಲ. ಫಕೀರಪ್ಪ ಬ್ಯಾಂಡೇಜು ಕಟ್ಟಿದ ಕಾಲನ್ನು ದಿಂಬಿನ ಮೇಲೆ ಸರಿಸಿಕೊಂಡರು.

“ಬೆರಳು ಹೋದ್ವು, ಹೋಗ್ಲಿ ಬಿಡ್ರಿ ಅಕ್ಕಾರ. ಅವೇನು ಹೊಲಿಗಿ ಹಾಕ್ತಿದ್ವಾ? ಆದ್ರ ಊರಾಗ ಮಂದಿ ಏನಂತಾರ ಗೊತ್ತೈತೇನ್ರಿ? ಕಲ್ತ ಮಗಳು ಅಪ್ಪನ ಕಾಲಿಗೆ ಕುತ್ತು ತಂದ್ಲು ಅಂತಾರ. ಅಕಿ ಪುಸ್ತಕ ಎಲ್ಲಾ ಗಂಟು ಕಟ್ಟಿ ಅಟ್ಟಕ್ಕ ಒಗದಾಳಂತ್ರಿ. ಓಡಾಕೂ ಹೋಗವಲ್ಲಳು.”

“ನಾ ಅಕಿಗೆ ತಿಳಿಸಿ ಹೇಳ್ತೀನಿ” ಎಂದೆ.

“ಅಕಿಗಲ್ರಿ” ಎಂದರು ಫಕೀರಪ್ಪ. “ಊರಿಗೆ ಹೇಳ್ರಿ.”

ಆ ಊರಿನ ಮಂದಿಯೂ ಹಾವು ಕಚ್ಚಿದರೆ ತಲೆತಲಾಂತರದಿಂದ ಹಗ್ಗ ಬಿಗಿಯುವವರೇ. ಅವರು ಕಟ್ಟಿ ಕಾಲು ಹೋಗಿದ್ದರೆ ಹಣೆಬರಹ ಎನ್ನುತ್ತಿದ್ದರು. ಆದರೆ ಓದಿದವಳು ಕಟ್ಟಿದಳು, ಡಾಕ್ಟರು ಬೈದರು ಎಂಬ ಸುದ್ದಿಗೆ ರೆಕ್ಕೆ ಬಂದಿತ್ತು. ಹೆಣ್ಣುಮಗಳು ಪೊಲೀಸಾಗಲು ಹೊರಟಿದ್ದನ್ನು ಕಂಡು ಮೊದಲಿನಿಂದಲೂ ಮೂಗು ಮುರಿಯುತ್ತಿದ್ದವರಿಗೆ ಇದು ಸಾಕಾಯಿತು.

ಆಸ್ಪತ್ರೆಯಿಂದ ಮನೆಗೆ ಬಂದವರನ್ನು ‘ಮಾತಾಡಿಸಲು’ ನಮ್ಮ ಕಡೆ ಓಣಿಗೆ ಓಣಿಯೇ ಬರುತ್ತದೆ. ಫಕೀರಪ್ಪ ಮನೆಗೆ ಬಂದ ದಿನವೇ ನಾನು ರಜೆ ಹಾಕಿ ಸಿಂಗಟಾಲೂರಿಗೆ ಹೋದೆ. ಪಡಸಾಲೆ ತುಂಬ ಜನ. ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕಿ, ಒಳಗಿದ್ದ ರೇಣುಕಾಳಿಗೆ ಕೇಳಿಸುವಂತೆಯೇ, “ಕಲಿಸಿದ್ದಕ್ಕ ಚಲೋ ಫಲ ಕೊಟ್ಟಾಳ ನೋಡು ನಿನ್ನ ಮಗಳು” ಎಂದಳು.

ನಾನು ಎದ್ದು ನಿಂತೆ. “ಕಟ್ಟು ಅಂತ ಹೇಳಿದಾಕಿ ನಾನವಾ. ರಕ್ತ ನಿಲ್ಲೂವಷ್ಟು ಬಿಗಿ ಅಂತ ಹೇಳಿದಾಕೀನೂ ನಾನ. ಅದು ತಪ್ಪು ಅಂತ ನನಗ ಗೊತ್ತಿತ್ತು, ಗೊತ್ತಿದ್ದೂ ಹೇಳೀನಿ. ಈ ಹುಡುಗಿ ಕಲಿಸಿದ್ದನ್ನ ಮಾಡ್ಯಾಳ. ಐದು ನಿಮಿಷದಾಗ, ಅಂಜದ ಮಾಡ್ಯಾಳ. ನಾ ಸರಿ ಕಲಿಸಿದ್ರ ಅಷ್ಟ ಜಲ್ದಿ ಸರಿನೂ ಮಾಡ್ತಿದ್ಲು.”

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ದವಾಖಾನಿ ಅಕ್ಕಾರ ಆಗಿ ನೀನ ಹಿಂಗ ಹೇಳಿದೇನವಾ?”

“ಹೌದವಾ.”

ಕಟ್ಟದಿದ್ದರೆ ಏನು ಮಾಡಬೇಕು ಎಂದು ಒಬ್ಬರು ಕೇಳಿದರು, ಹೇಳಿದೆ. ಇನ್ನೊಬ್ಬರು ನಂಬಲಿಲ್ಲ, ವಾದಕ್ಕೆ ಬಂದರು. ಮಾತು ನಿಧಾನವಾಗಿ ರೇಣುಕಾಳಿಂದ ಹಾವಿನ ಕಡೆ ತಿರುಗಿತು. ಅವಳು ಎಲ್ಲರಿಗೂ ಚಹಾ ತಂದುಕೊಟ್ಟಳು, ನನಗೂ ಕೊಟ್ಟಳು, ಮುಖ ನೋಡಲಿಲ್ಲ.

ಬಸ್ಸಿಗೆ ಬಿಡಲು ಮಾತ್ರ ಬಂದಳು. ನಾನು ಬಸ್ಸು ಹತ್ತುವಾಗ ಹೇಳಿದಳು: “ಐತವಾರ ಬರ್ತೀನ್ರಿ ಅಕ್ಕಾರ. ಆದ್ರ ಪ್ರಶ್ನಿ ಕೇಳಿದ್ರ ಎಲ್ಲಾರನ್ನೂ ನಗಸಬ್ಯಾಡ್ರಿ.”

ಅವಳು ಬಂದಳು. ಆ ಸಲವೂ ಪಾಸಾಗಲಿಲ್ಲ, ಮುಂದಿನ ಸಲ ಆದಳು. ಈಗ ಜಿಲ್ಲೆಯಲ್ಲೇ ಒಂದು ಠಾಣೆಯಲ್ಲಿದ್ದಾಳೆ. ಫಕೀರಪ್ಪ ಮಷಿನ್ನಿಗೆ ಕರೆಂಟಿನ ಮೋಟರು ಹಾಕಿಸಿಕೊಂಡಿದ್ದಾರೆ. ಸ್ವಲ್ಪ ಕುಂಟುತ್ತಾರೆ.

ಲ್ಯಾಬಿನ ಕೆಲಸ ನನಗೆ ಕಲಿಸಿದ್ದು ಒಂದೇ. ತಪ್ಪು ರಿಪೋರ್ಟು ಕೈಯಿಂದ ಹೊರಗೆ ಹೋದರೆ, ನನ್ನ ರಿಜಿಸ್ಟರಿನಲ್ಲಿ ಕಾಟು ಹಾಕಿ ಸರಿಮಾಡಿದರೆ ಸಾಲದು. ರೋಗಿಯ ಹಿಂದೆ ಓಡಿ ಅದನ್ನು ವಾಪಸ್ ತರಬೇಕು. ಸೇವೆಯಲ್ಲಿ ಮೂರು ಸಲ ಹಾಗೆ ಓಡಿದ್ದೇನೆ, ಒಮ್ಮೆ ಹೊರಟ ಬಸ್ಸನ್ನೇ ನಿಲ್ಲಿಸಿದ್ದೇನೆ. ತರಗತಿಯಲ್ಲಿ ಹೇಳಿದ ಉತ್ತರವೂ ಅಂಥದೇ ರಿಪೋರ್ಟು ಎಂಬುದು ಮಾತ್ರ ನನಗೆ ತಡವಾಗಿ ತಿಳಿಯಿತು. ಹಾಜರಿ ಪುಸ್ತಕ ತೆಗೆದು ನೋಡಿದೆ. ಹಿಂದಿನ ತಂಡಗಳೂ ಸೇರಿ, ರೇಣುಕಾಳನ್ನು ಬಿಟ್ಟು, ಆ ಗೈಡು ಹಿಡಿದು ನನ್ನಿಂದ ‘ಎ’ ಎಂದು ಬರೆದುಕೊಂಡವರು ಎಂಬತ್ತೇಳು ಮಂದಿ. ಸಂಜೆ ಸಂಜೆ ಕುಳಿತು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕೆಲವರಿಗೆ ನೌಕರಿ ಸಿಕ್ಕಿತ್ತು, ಕೆಲವರು ಓದು ಬಿಟ್ಟಿದ್ದರು. ಡಂಬಳದ ಒಬ್ಬ ಎಲ್ಲವನ್ನೂ ಕೇಳಿ, “ಆತ್ರಿ ಅಕ್ಕಾರ, ಆದ್ರ ಪರೀಕ್ಷಾದಾಗ ಯಾವುದು ಹಚ್ಚಲಿ?” ಎಂದ. “ನಿಮ್ಮವ್ವಗ ಹಾವು ಕಡದ್ರ ಯಾವುದು ಮಾಡ್ತಿ, ಅದನ್ನ ಹಚ್ಚು” ಎಂದು ಗದರಿಸಿದೆ.

ಎಂಬತ್ತೈದು ಮಂದಿ ಸಿಕ್ಕರು. ಶಿರಹಟ್ಟಿ ಕಡೆಯ ಒಬ್ಬ ಹುಡುಗ ಮತ್ತು ಲಕ್ಷ್ಮೇಶ್ವರದ ಒಬ್ಬ ಹುಡುಗಿಯ ನಂಬರು ಬದಲಾಗಿದೆ. ಎಷ್ಟು ವಿಚಾರಿಸಿದರೂ ಪತ್ತೆಯಾಗಲಿಲ್ಲ. ಇಷ್ಟೆಲ್ಲ ನಾನು ಬರೆದದ್ದು ಅವರಿಬ್ಬರಿಗಾಗಿ. ಮಕ್ಕಳೇ, ನಾನು ಹೇಳಿದ್ದು ತಪ್ಪು. ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಕಾಲು ಅಲುಗಿಸದೆ, ಧೈರ್ಯ ಹೇಳುತ್ತ, ಸಿಕ್ಕ ಮೊದಲ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಬಸ್ಸಿಗೆ ಕಾಯಬೇಡಿ.